ಐದು ವರ್ಷ ಕೇಳಿ ಮೂವತ್ತೆರಡು ವರ್ಷ ಕುಳಿತವನು



"ಒಂದು ಹತ್ತು ವರ್ಷ ಮಿಲಿಟರಿಯವರ ಕೈಗೆ ಕೊಟ್ಟುಬಿಡಬೇಕು ನೋಡಿ, ಎಲ್ಲ ತಾನಾಗಿ ಸರಿಹೋಗುತ್ತೆ." ಈ ಮಾತನ್ನು ನೀವೂ ಕೇಳಿರುತ್ತೀರಿ. ತಾಲ್ಲೂಕು ಕಚೇರಿಗೆ ಒಂದು ಪಹಣಿಗಾಗಿ ಅಲೆದು ಸುಸ್ತಾದವರು, ಶಾಸಕರು ರೆಸಾರ್ಟಿನಿಂದ ರೆಸಾರ್ಟಿಗೆ ಹಾರುವುದನ್ನು ಟಿವಿಯಲ್ಲಿ ನೋಡಿ ಬೇಸತ್ತವರು ಹೀಗೆ ಹೇಳುವುದುಂಟು. ಸಿಟ್ಟಿನ ಮಾತು, ಕಾಫಿ ಆರುವ ಹೊತ್ತಿಗೆ ಮರೆತುಹೋಗುತ್ತದೆ. ಆದರೆ ಇದೇ ಮಾತನ್ನು ನಂಬಿ, "ಸದ್ಯ, ಒಬ್ಬ ಬಂದನಲ್ಲ" ಎಂದು ನಿಟ್ಟುಸಿರು ಬಿಟ್ಟ ದೇಶವೊಂದಿತ್ತು. ಆ ದೇಶಕ್ಕೆ ಏನಾಯಿತು, ಹೇಗಾಯಿತು ಎಂಬುದೇ ಇವತ್ತಿನ ಮಾತಿನ ವಿಷಯ.

ದೇಶ ಕಾಂಗೊ. ಆಫ್ರಿಕಾ ಖಂಡದ ನಟ್ಟನಡುವೆ ಇದೆ. ನಮ್ಮ ಕರ್ನಾಟಕದಂಥ ಹನ್ನೆರಡು ರಾಜ್ಯಗಳು ಅದರೊಳಗೆ ಹಿಡಿಯುತ್ತವೆ. 1965ರ ನವೆಂಬರ್ 24ರಂದು ಅಲ್ಲಿಯ ಸೇನೆಯ ಮುಖ್ಯಸ್ಥ, ಮೂವತ್ತೈದು ವರ್ಷದ ಲೆಫ್ಟಿನೆಂಟ್ ಜನರಲ್ ಜೋಸೆಫ್ ಮೊಬುಟು ಅಧ್ಯಕ್ಷರನ್ನು ಇಳಿಸಿ ತಾನೇ ಆ ಕುರ್ಚಿಯಲ್ಲಿ ಕುಳಿತ. ಅವನು ಕೊಟ್ಟ ಕಾರಣ ಸರಳವಾಗಿತ್ತು. ರಾಜಕಾರಣಿಗಳು ಐದು ವರ್ಷದಲ್ಲಿ ದೇಶವನ್ನು ಹಾಳುಮಾಡಿದ್ದಾರೆ, ಅದನ್ನು ಸರಿಪಡಿಸಲು ನನಗೂ ಐದು ವರ್ಷ ಬೇಕು ಎಂದ. ಲೆಕ್ಕ ನ್ಯಾಯವಾಗಿಯೇ ಕಂಡಿತು. ದಂಗೆ, ಕೊಲೆ, ಪ್ರಾಂತ್ಯಗಳ ಒಡಕು ನೋಡಿ ದಣಿದಿದ್ದ ಜನ ಬೀದಿಗಿಳಿದು ವಿರೋಧಿಸಲಿಲ್ಲ. ಆ ಐದು ವರ್ಷ ಮುಗಿದದ್ದು 1997ರ ಮೇ ತಿಂಗಳಲ್ಲಿ, ಅಂದರೆ ಮೂವತ್ತೆರಡನೆಯ ವರ್ಷದಲ್ಲಿ.

ಇವನ ಕಥೆ ತಿಳಿಯಬೇಕಾದರೆ ಕಾಂಗೊ ಯಾವ ಸ್ಥಿತಿಯಲ್ಲಿ ಸ್ವತಂತ್ರವಾಯಿತು ಎಂಬುದನ್ನು ಮೊದಲು ನೋಡಬೇಕು. 1885ರಿಂದ 1908ರವರೆಗೆ ಆ ನಾಡು ಬೆಲ್ಜಿಯಂ ರಾಜ ಎರಡನೆಯ ಲಿಯೋಪೋಲ್ಡನ ಖಾಸಗಿ ಆಸ್ತಿಯಾಗಿತ್ತು. ರಬ್ಬರು ಸಾಕಷ್ಟು ತಂದುಕೊಡದ ಹಳ್ಳಿಗರ ಕೈ ಕತ್ತರಿಸಿದ ಕಾಲ ಅದು. ಆಮೇಲೆ ಅದು ಬೆಲ್ಜಿಯಂ ಸರ್ಕಾರದ ವಸಾಹತಾಯಿತು. ಗಣಿ ತೋಡಿದರು, ರೈಲು ಹಾಕಿದರು, ಪ್ರಾಥಮಿಕ ಶಾಲೆಗಳನ್ನೂ ತೆರೆದರು. ಆದರೆ ಕಾಂಗೊದವರನ್ನು ಗುಮಾಸ್ತನ ಮೇಜಿನಿಂದಾಚೆಗೆ ಏರಗೊಡಲಿಲ್ಲ. 1960ರ ಜೂನ್ 30ರಂದು ಸ್ವಾತಂತ್ರ್ಯ ಬಂದಾಗ ಸುಮಾರು ಒಂದೂವರೆ ಕೋಟಿ ಜನರ ಆ ದೇಶದಲ್ಲಿ ವಿಶ್ವವಿದ್ಯಾಲಯದ ಪದವೀಧರರು ಇಪ್ಪತ್ತು ಮಂದಿಯೂ ಇರಲಿಲ್ಲ. ಸೇನೆಯಲ್ಲಿ ಸುಮಾರು ಇಪ್ಪತ್ತೈದು ಸಾವಿರ ಕಪ್ಪು ಸೈನಿಕರು, ಅವರ ಮೇಲೆ ಸಾವಿರದಷ್ಟು ಬಿಳಿಯ ಅಧಿಕಾರಿಗಳು. ಕಾಂಗೊದವನೊಬ್ಬ ಏರಬಹುದಾದ ಮೆಟ್ಟಿಲು ಸಾರ್ಜೆಂಟ್ ಮೇಜರ್ ಹುದ್ದೆಗೇ ನಿಲ್ಲುತ್ತಿತ್ತು.

ಮೊಬುಟು ಹುಟ್ಟಿದ್ದು 1930ರ ಅಕ್ಟೋಬರ್ 14ರಂದು, ಕಾಂಗೊ ನದಿಯ ದಂಡೆಯ ಲಿಸಾಲಾ ಎಂಬ ಊರಿನಲ್ಲಿ. ತಂದೆ ಬೆಲ್ಜಿಯನ್ ನ್ಯಾಯಾಧೀಶನೊಬ್ಬನ ಮನೆಯಲ್ಲಿ ಅಡುಗೆಯವ. ಹುಡುಗನಿಗೆ ಎಂಟು ವರ್ಷವಾಗುವಾಗ ತಂದೆ ತೀರಿಕೊಂಡ. ಅದಕ್ಕೂ ಮುಂಚೆ ಆ ನ್ಯಾಯಾಧೀಶನ ಹೆಂಡತಿ ಹುಡುಗನನ್ನು ಹಚ್ಚಿಕೊಂಡು ಫ್ರೆಂಚ್ ಮಾತು, ಓದು, ಬರಹ ಕಲಿಸಿದ್ದಳು. ಅವನಿಗೆ ಬಂದ ಮೊದಲ ಆಸ್ತಿ ಆ ಫ್ರೆಂಚ್. ಮುಂದೆ ಮಿಷನ್ ಶಾಲೆಯಲ್ಲಿ ಜಾಣ, ಆದರೆ ತುಂಟ. ದೋಣಿ ಹತ್ತಿ ರಾಜಧಾನಿ ಲಿಯೋಪೋಲ್ಡ್‌ವಿಲ್‌ಗೆ ಓಡಿಹೋದದ್ದು ಗೊತ್ತಾಗಿ ಪಾದ್ರಿಗಳು ಅವನನ್ನು ಹೊರಹಾಕಿದರು, ಸೇನೆಗೆ ದಬ್ಬಿದರು. ಆ ಕಾಲದಲ್ಲಿ ಹಟಮಾರಿ ಹುಡುಗರಿಗೆ ಅದೊಂದು ಶಿಕ್ಷೆ.

ಶಿಕ್ಷೆಯೇ ಇವನಿಗೆ ವರವಾಯಿತು. ಅಕ್ಷರ ಬಲ್ಲವನೆಂದು ಕಚೇರಿಯ ಕೆಲಸಕ್ಕೆ, ಲೆಕ್ಕಪತ್ರಕ್ಕೆ ಹಾಕಿದರು. ಬಂದೂಕಿಗಿಂತ ಕಾಗದವನ್ನೇ ಹೆಚ್ಚು ಹಿಡಿದ. ಯಾರಿಗೆ ಎಷ್ಟು ಸಂಬಳ, ಯಾವ ಉಗ್ರಾಣದಲ್ಲಿ ಏನಿದೆ, ಯಾರ ಮಾತು ಎಲ್ಲಿ ನಡೆಯುತ್ತದೆ ಎಂಬುದು ಸೈನಿಕನಿಗಿಂತ ಗುಮಾಸ್ತನಿಗೆ ಚೆನ್ನಾಗಿ ಗೊತ್ತಿರುತ್ತದಲ್ಲವೆ? 1956ರಲ್ಲಿ ಸೇನೆ ಬಿಟ್ಟು ರಾಜಧಾನಿಯ ಪತ್ರಿಕೆಗಳಿಗೆ ಬರೆಯತೊಡಗಿದ. ಅಲ್ಲೇ ಅಂಚೆ ಇಲಾಖೆಯ ಮಾಜಿ ಗುಮಾಸ್ತ, ಮಾತಿನ ಮಲ್ಲ ಪ್ಯಾಟ್ರಿಸ್ ಲುಮುಂಬಾ ಅವರ ಪರಿಚಯವಾಯಿತು. ಸ್ವತಂತ್ರ ಕಾಂಗೊದ ಮೊದಲ ಪ್ರಧಾನಿ ಲುಮುಂಬಾ. ಅವರು ನಂಬಿ ಹತ್ತಿರ ಇಟ್ಟುಕೊಂಡವರಲ್ಲಿ ಮೊಬುಟು ಒಬ್ಬ.

ಸ್ವಾತಂತ್ರ್ಯದ ಸಂಭ್ರಮ ಐದೇ ದಿನ. ಜುಲೈ 5ರಂದು ಸೇನೆಯ ಬೆಲ್ಜಿಯನ್ ದಂಡನಾಯಕ ಜನರಲ್ ಯಾನ್ಸೆನ್ಸ್ ತನ್ನ ಸೈನಿಕರನ್ನು ಕೂಡಿಸಿ ಕಪ್ಪುಹಲಗೆಯ ಮೇಲೆ ಒಂದು ಸಮೀಕರಣ ಬರೆದ. ಸ್ವಾತಂತ್ರ್ಯದ ಮೊದಲು ಎಂದು ಒಂದು ಕಡೆ, ಸ್ವಾತಂತ್ರ್ಯದ ನಂತರ ಎಂದು ಇನ್ನೊಂದು ಕಡೆ, ನಡುವೆ ಸಮ ಚಿಹ್ನೆ. ನಿಮ್ಮ ಪಾಲಿಗೆ ಏನೂ ಬದಲಾಗಿಲ್ಲ ಎಂದು ಅದರ ಅರ್ಥ. ಅಂದೇ ದಂಗೆ ಭುಗಿಲೆದ್ದಿತು. ಅದನ್ನು ತಣಿಸಲು ಸರ್ಕಾರ ಎಲ್ಲರಿಗೂ ಒಂದು ಮೆಟ್ಟಿಲು ಬಡ್ತಿ ಕೊಟ್ಟಿತು, ಬಿಳಿಯ ಅಧಿಕಾರಿಗಳ ಜಾಗಕ್ಕೆ ಕಾಂಗೊದವರನ್ನು ಕೂರಿಸಿತು. ಲುಮುಂಬಾ ತಮ್ಮ ಗೆಳೆಯ ಮೊಬುಟುವನ್ನು ಕರ್ನಲ್ ಮಾಡಿ ಸೇನಾ ಸಿಬ್ಬಂದಿಯ ಮುಖ್ಯಸ್ಥನ ಹುದ್ದೆ ಕೊಟ್ಟರು. ಆಗ ಅವನಿಗೆ ಇಪ್ಪತ್ತೊಂಬತ್ತು ವರ್ಷ. ನಾಲ್ಕು ವರ್ಷದ ಹಿಂದೆ ಸೇನೆ ಬಿಟ್ಟು ಪತ್ರಿಕೆ ಸೇರಿದ್ದವನು ಕೆಲವೇ ದಿನಗಳಲ್ಲಿ ಇಡೀ ಪಡೆಯ ಮೇಲೆ ಹಿಡಿತ ಸಾಧಿಸುವ ಜಾಗಕ್ಕೆ ಬಂದ.

ಅದೇ ವಾರ ತಾಮ್ರದ ಗಣಿಗಳ ಪ್ರಾಂತ್ಯ ಕಟಾಂಗಾ, ಮೊಯ್ಸ್ ಶೊಂಬೆಯ ನಾಯಕತ್ವದಲ್ಲಿ, ಬೆಲ್ಜಿಯಂ ಬೆಂಬಲದೊಂದಿಗೆ ಬೇರೆಯಾಯಿತು. ವಿಶ್ವಸಂಸ್ಥೆಯ ಪಡೆ ಬಂತು. ಅದರಿಂದ ಸಾಕಷ್ಟು ನೆರವು ಸಿಗದೆ ಲುಮುಂಬಾ ಸೋವಿಯತ್ ಒಕ್ಕೂಟದ ಕಡೆ ತಿರುಗಿದರು. ಶೀತಲ ಸಮರದ ಆ ಕಾಲದಲ್ಲಿ ಅಷ್ಟು ಸಾಕಾಯಿತು. ಸೆಪ್ಟೆಂಬರ್ ಮೊದಲ ವಾರ ಅಧ್ಯಕ್ಷ ಕಾಸಾವುಬು ಪ್ರಧಾನಿಯನ್ನು ವಜಾ ಮಾಡಿದರು, ಪ್ರಧಾನಿ ಅಧ್ಯಕ್ಷರನ್ನು ವಜಾ ಮಾಡಿದರು. ಸೆಪ್ಟೆಂಬರ್ 14ರ ಸಂಜೆ ಬಾನುಲಿಯಲ್ಲಿ ಕರ್ನಲ್ ಮೊಬುಟುವಿನ ದನಿ ಕೇಳಿಬಂತು. ವರ್ಷದ ಕೊನೆಯವರೆಗೆ ಇಬ್ಬರನ್ನೂ ಬದಿಗೆ ಸರಿಸಿದ್ದೇನೆ, ಸೇನೆ ಅಧಿಕಾರ ಹಿಡಿಯುವುದಿಲ್ಲ, ಓದಿದ ಯುವಕರ ಮಂಡಳಿಯೊಂದು ಆಡಳಿತ ನೋಡಿಕೊಳ್ಳುತ್ತದೆ ಎಂದ. ಮೇಲ್ನೋಟಕ್ಕೆ ನಿಷ್ಪಕ್ಷಪಾತ. ಬೆನ್ನ ಹಿಂದೆ ಅಮೆರಿಕದ ಸಿಐಎ ಸಂಸ್ಥೆಯ ಸ್ಥಳೀಯ ಮುಖ್ಯಸ್ಥ ಲ್ಯಾರಿ ಡೆವ್ಲಿನ್ ಇದ್ದ, ಅವನ ಬಳಿ ಹಣವೂ ಇತ್ತು. ಸಂಬಳ ಕಾಣದ ಸೈನಿಕರಿಗೆ ಸಂಬಳ ಬಟವಾಡೆ ಮಾಡಬಲ್ಲವನೇ ಒಡೆಯ ಎಂಬುದನ್ನು ಮೊಬುಟು ಅಂದೇ ಕಲಿತ.

ಈ ಗೊಂದಲದ ನಡುವೆ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯ ಪ್ರತಿನಿಧಿಯಾಗಿ ಲಿಯೋಪೋಲ್ಡ್‌ವಿಲ್‌ನಲ್ಲಿದ್ದವರು ಭಾರತದ ರಾಜತಾಂತ್ರಿಕ ರಾಜೇಶ್ವರ ದಯಾಳ್. ಮೊಬುಟುವಿನ ಆಡಳಿತಕ್ಕೆ ಕಾನೂನಿನ ಆಧಾರವೇ ಇಲ್ಲ ಎಂಬ ನಿಲುವನ್ನು ಅವರು ಬಿಡಲಿಲ್ಲ. ಲುಮುಂಬಾ ಮನೆಯ ಸುತ್ತ ವಿಶ್ವಸಂಸ್ಥೆಯ ಕಾವಲೂ ಇತ್ತು. ನವೆಂಬರ್ ಕೊನೆಯಲ್ಲಿ ಲುಮುಂಬಾ ಆ ಕಾವಲಿನಿಂದ ಹೊರಬಿದ್ದು ತಮ್ಮ ಬೆಂಬಲಿಗರ ಊರಿನತ್ತ ಹೊರಟರು, ದಾರಿಯಲ್ಲಿ ಮೊಬುಟುವಿನ ಸೈನಿಕರ ಕೈಗೆ ಸಿಕ್ಕಿಬಿದ್ದರು. 1961ರ ಜನವರಿ 17ರಂದು ಅವರನ್ನು ಕಟಾಂಗಾಕ್ಕೆ, ಅಂದರೆ ಕಡು ವೈರಿಗಳ ಕೈಗೆ, ವಿಮಾನದಲ್ಲಿ ಸಾಗಿಸಲಾಯಿತು. ಅಂದು ರಾತ್ರಿಯೇ ಗುಂಡಿಟ್ಟು ಕೊಂದರು. ಶವವನ್ನು ಆಮ್ಲದಲ್ಲಿ ಕರಗಿಸಿದರು. ಆ ಕೆಲಸ ಮಾಡಿದ ಬೆಲ್ಜಿಯನ್ ಪೊಲೀಸ್ ಅಧಿಕಾರಿ ಇಟ್ಟುಕೊಂಡಿದ್ದ ಒಂದು ಹಲ್ಲನ್ನು ಬೆಲ್ಜಿಯಂ ಸರ್ಕಾರ ಲುಮುಂಬಾ ಕುಟುಂಬಕ್ಕೆ ಒಪ್ಪಿಸಿದ್ದು 2022ರಲ್ಲಿ.

ದಯಾಳ್ 1961ರ ಮೇ ತಿಂಗಳಲ್ಲಿ ಹುದ್ದೆ ಬಿಟ್ಟರು. ಆದರೆ ಭಾರತದ ಬ್ರಿಗೇಡೊಂದು ಕಾಂಗೊದಲ್ಲಿ ಉಳಿಯಿತು. ಆ ವರ್ಷದ ಡಿಸೆಂಬರ್ 5ರಂದು ಎಲಿಜಬೆತ್‌ವಿಲ್‌ನಲ್ಲಿ ಕಟಾಂಗಾ ಪಡೆಯ ರಸ್ತೆತಡೆಯನ್ನು ಮುರಿಯುವಾಗ ಮಡಿದ ಕ್ಯಾಪ್ಟನ್ ಗುರ್ಬಚನ್ ಸಿಂಗ್ ಸಲಾರಿಯಾ ಅವರಿಗೆ ಮರಣೋತ್ತರ ಪರಮವೀರ ಚಕ್ರ ಸಂದಿತು. ಕಾಂಗೊದ ಏಕತೆಗಾಗಿ ನಮ್ಮವರು ಕೊಟ್ಟ ಪ್ರಾಣ ಅದು. ಆ ಏಕತೆಯ ಫಲವನ್ನು ಉಂಡವನು ಮಾತ್ರ ಮೊಬುಟು.

1964ರಲ್ಲಿ ಪೂರ್ವ ಕಾಂಗೊದಲ್ಲಿ ದೊಡ್ಡ ದಂಗೆಯೆದ್ದಿತು. ಬಾಡಿಗೆ ಸೈನಿಕರು, ಬೆಲ್ಜಿಯನ್ ಪ್ಯಾರಾಟ್ರೂಪರ್‌ಗಳು ಬಂದು ಅದನ್ನು ಅಡಗಿಸಿದರು. ಮರುವರ್ಷ ಅಧ್ಯಕ್ಷ ಕಾಸಾವುಬು ಮತ್ತು ಅಷ್ಟರಲ್ಲಿ ಪ್ರಧಾನಿಯಾಗಿದ್ದ ಅದೇ ಶೊಂಬೆ ನಡುವೆ ಹಗ್ಗಜಗ್ಗಾಟ ಶುರುವಾಯಿತು. ಅಲ್ಲಿಗೆ ಬಂತು ನಾನು ಮೊದಲು ಹೇಳಿದ ನವೆಂಬರ್ 24.

ಈ ಸಲ ಅವನು ಕುರ್ಚಿಯನ್ನು ಬೇರೆಯವರಿಗೆ ಬಿಡಲಿಲ್ಲ. ಮೊದಲು ಭಯ ಹುಟ್ಟಿಸಬೇಕಿತ್ತು. 1966ರ ಜೂನ್ 2ರಂದು ಮಾಜಿ ಪ್ರಧಾನಿ ಎವಾರಿಸ್ಟ್ ಕಿಂಬಾ ಮತ್ತು ಮೂವರು ಮಾಜಿ ಮಂತ್ರಿಗಳನ್ನು, ಸಂಚು ಹೂಡಿದರೆಂದು, ಅವಸರದ ಸೇನಾ ವಿಚಾರಣೆ ನಡೆಸಿ, ರಾಜಧಾನಿಯ ಬಯಲಿನಲ್ಲಿ ಹತ್ತಾರು ಸಾವಿರ ಜನರ ಕಣ್ಣೆದುರು ನೇಣಿಗೇರಿಸಿದರು. ಎರಡು ವರ್ಷದ ನಂತರ ದಂಗೆಯ ನಾಯಕ ಪಿಯರ್ ಮುಲೆಲೆಗೆ ಕ್ಷಮಾದಾನದ ಭರವಸೆ ಕೊಟ್ಟು ದೇಶಕ್ಕೆ ಕರೆಸಿ, ಚಿತ್ರಹಿಂಸೆ ಕೊಟ್ಟು ಕೊಂದರು. ಅಷ್ಟರಲ್ಲಿ ಇನ್ನೊಂದು ವಿಚಿತ್ರವೂ ನಡೆದಿತ್ತು. ಯಾರನ್ನು ತಾನೇ ವೈರಿಗಳ ಕೈಗೆ ಸೇರುವಂತೆ ಮಾಡಿದ್ದನೋ ಆ ಲುಮುಂಬಾ ಅವರನ್ನೇ ಮೊಬುಟು 1966ರಲ್ಲಿ ರಾಷ್ಟ್ರವೀರ ಎಂದು ಘೋಷಿಸಿದ.

1967ರಲ್ಲಿ ಅವನದೇ ಪಕ್ಷ ಹುಟ್ಟಿತು, ಬೇಗನೆ ಅದೊಂದೇ ಪಕ್ಷವಾಯಿತು. ಕೂಸು ಹುಟ್ಟಿದಾಕ್ಷಣ ಆ ಪಕ್ಷದ ಸದಸ್ಯ ಎಂಬಷ್ಟರ ಮಟ್ಟಿಗೆ. 1970ರ ಅಧ್ಯಕ್ಷ ಚುನಾವಣೆಯಲ್ಲಿ ಅಭ್ಯರ್ಥಿ ಒಬ್ಬನೇ. ಒಪ್ಪುವವರಿಗೆ ಹಸಿರು ಚೀಟಿ, ಒಪ್ಪದವರಿಗೆ ಕೆಂಪು ಚೀಟಿ, ಮತ ಹಾಕುವುದು ಎಲ್ಲರ ಎದುರಿಗೆ. ಒಂದು ಕೋಟಿಗೂ ಮೀರಿ ಹಸಿರು ಚೀಟಿ ಬಿದ್ದವು. ಕೆಂಪು ಚೀಟಿ 157. ಅಷ್ಟು ದೊಡ್ಡ ದೇಶದಲ್ಲಿ ಆ 157 ಜನ ಯಾರಿದ್ದಿರಬಹುದು, ಅವರಿಗೆ ಆಮೇಲೆ ಏನಾಗಿರಬಹುದು ಎಂದು ಯೋಚಿಸಿದರೆ ಮೈ ಜುಮ್ಮೆನ್ನುತ್ತದೆ.

1971ರ ಅಕ್ಟೋಬರಿನಲ್ಲಿ ದೇಶದ ಹೆಸರು ಝೈರ್ ಆಯಿತು. ನದಿಯೂ ಝೈರ್. ನಾಣ್ಯವಂತೂ ಆಗಲೇ ಝೈರ್. ಕ್ರೈಸ್ತ ಹೆಸರು ಬಿಟ್ಟು ಆಫ್ರಿಕಾದ ಹೆಸರಿಟ್ಟುಕೊಳ್ಳಬೇಕೆಂದು ಆಜ್ಞೆಯಾಯಿತು. ಜೋಸೆಫ್ ಹೋಗಿ ಮೊಬುಟು ಸೆಸೆ ಸೆಕೊ ಆದ. ಕೋಟು, ಟೈ ಹಾಕುವಂತಿಲ್ಲ. ಅದರ ಬದಲು ಕತ್ತಿನವರೆಗೆ ಗುಂಡಿ ಹಾಕುವ ಅಬಾಕೋಸ್ಟ್ ಎಂಬ ಅಂಗಿ. ಅವನ ತಲೆಯ ಮೇಲೆ ಚಿರತೆ ಚರ್ಮದ ಟೋಪಿ, ಕೈಯಲ್ಲಿ ಕೆತ್ತನೆಯ ಕೋಲು. ಟಿವಿ ವಾರ್ತೆಗೆ ಮುನ್ನ ಮೋಡಗಳ ನಡುವಿನಿಂದ ಅವನ ಮುಖ ಇಳಿದು ಬರುತ್ತಿತ್ತು. ಇದನ್ನೆಲ್ಲ ಬರಿಯ ಹುಚ್ಚಾಟ ಎಂದು ನಕ್ಕುಬಿಡುವಂತಿಲ್ಲ. ಎಪ್ಪತ್ತೈದು ವರ್ಷ ಪರರ ಕಾಲಡಿಯಲ್ಲಿ ಬದುಕಿದ ಜನರಿಗೆ ತಮ್ಮ ಹೆಸರು, ತಮ್ಮ ಉಡುಗೆ ಎಂಬುದು ಅಭಿಮಾನದ ವಿಷಯವೇ. ಮೊಬುಟು ಆ ಅಭಿಮಾನವನ್ನು ಮುಟ್ಟಿದ. ಆಮೇಲೆ ಅದನ್ನು ತನ್ನ ಭಾವಚಿತ್ರಕ್ಕೆ ಕಟ್ಟು ಹಾಕಿಸಿಕೊಂಡ.

1974ರ ಅಕ್ಟೋಬರ್ 30ರ ಬೆಳಗಿನ ಜಾವ ರಾಜಧಾನಿ ಕಿನ್ಶಾಸಾದ, ಅಂದರೆ ಹಿಂದಿನ ಲಿಯೋಪೋಲ್ಡ್‌ವಿಲ್‌ನ, ಕ್ರೀಡಾಂಗಣದಲ್ಲಿ ಮುಹಮ್ಮದ್ ಅಲಿ ಮತ್ತು ಜಾರ್ಜ್ ಫೋರ್‌ಮನ್ ಕಾದಾಡಿದರಲ್ಲ, ಅದನ್ನು ಅಲ್ಲಿಗೆ ತಂದವನು ಇವನೇ. ಇಬ್ಬರಿಗೂ ತಲಾ ಐವತ್ತು ಲಕ್ಷ ಡಾಲರ್. ಎಂಟನೆಯ ಸುತ್ತಿನಲ್ಲಿ ಅಲಿ ಗೆದ್ದರು. ಜಗತ್ತು ಅಲಿಯನ್ನು ನೋಡಿತು, ಝೈರ್ ಎಂಬ ಹೆಸರನ್ನೂ ಕಲಿಯಿತು.

ಇದಕ್ಕೆಲ್ಲ ಹಣ ಎಲ್ಲಿಂದ? ತಾಮ್ರದಿಂದ. 1967ರಲ್ಲಿ ಕಟಾಂಗಾದ ಬೆಲ್ಜಿಯನ್ ಗಣಿ ಕಂಪನಿಯನ್ನು ರಾಷ್ಟ್ರೀಕರಿಸಿದ್ದ. ಅಂದು ಒಂದು ಝೈರ್‌ಗೆ ಎರಡು ಡಾಲರ್ ಸಿಗುತ್ತಿತ್ತು. ಜಗತ್ತಿನ ಮಾರುಕಟ್ಟೆಯಲ್ಲಿ ತಾಮ್ರದ ಬೆಲೆ ಏರುತ್ತಿತ್ತು, ಬ್ಯಾಂಕುಗಳು ಕರೆದು ಸಾಲ ಕೊಡುತ್ತಿದ್ದವು. ಇಂಗಾ ಜಲಪಾತದಿಂದ ಕಟಾಂಗಾದ ಗಣಿಗಳವರೆಗೆ ಸಾವಿರದೇಳುನೂರು ಕಿಲೋಮೀಟರಿಗೂ ಉದ್ದದ ವಿದ್ಯುತ್ ತಂತಿ ಎಳೆಯುವ ಯೋಜನೆ ಆಗಿನದು. ತಂತಿ ಹಾದುಹೋದ ದಾರಿಯ ಹಳ್ಳಿಗಳಲ್ಲಿ ದೀಪ ಹತ್ತಲಿಲ್ಲ. ಸಾಲ ಮಾತ್ರ ಬೆಳೆಯಿತು.

1973ರ ನವೆಂಬರ್ 30ರಂದು ಇನ್ನೊಂದು ಘೋಷಣೆ ಹೊರಬಿತ್ತು. ವಿದೇಶೀಯರ ಅಂಗಡಿ, ತೋಟ, ಸಣ್ಣ ಕಾರ್ಖಾನೆಗಳೆಲ್ಲ ಇನ್ನು ಝೈರ್ ಪ್ರಜೆಗಳವು. ಗ್ರೀಕರು, ಪೋರ್ಚುಗೀಸರು, ಬೆಲ್ಜಿಯನ್ನರು, ಭಾರತ ಮತ್ತು ಪಾಕಿಸ್ತಾನ ಮೂಲದ ವ್ಯಾಪಾರಿಗಳು ಒಂದೇ ಏಟಿಗೆ ಅಂಗಡಿ ಕಳೆದುಕೊಂಡರು. ಅವು ಬಡವರಿಗೆ ಹಂಚಿಕೆಯಾಗಲಿಲ್ಲ. ಮಂತ್ರಿಗಳು, ಪಕ್ಷದವರು, ಸೇನಾಧಿಕಾರಿಗಳು ಆರಿಸಿ ಆರಿಸಿ ತೆಗೆದುಕೊಂಡರು. ದೊಡ್ಡ ದೊಡ್ಡ ತೋಟಗಳು ಮೊಬುಟುವಿಗೇ ಹೋದವು. ಹೊಸ ಒಡೆಯ ಬಂದ, ಅಂಗಡಿಯಲ್ಲಿದ್ದ ಮಾಲನ್ನು ಮಾರಿದ, ಹಣ ಜೇಬಿಗಿಳಿಸಿದ, ಮತ್ತೆ ಮಾಲು ತರಿಸಲಿಲ್ಲ. ಕೆಲವೇ ತಿಂಗಳಲ್ಲಿ ಅಂಗಡಿಯ ಕಪಾಟುಗಳು ಬರಿದಾದವು. ಅದೇ ಹೊತ್ತಿಗೆ ತಾಮ್ರದ ಬೆಲೆಯೂ ಕುಸಿಯಿತು. 1976ರ ವೇಳೆಗೆ, ದಯವಿಟ್ಟು ಬಂದು ನಡೆಸಿ ಎಂದು ಹಳೆಯ ಮಾಲೀಕರನ್ನೇ ಕರೆಯಬೇಕಾಯಿತು. ಬಹಳ ಜನ ಹಿಂದಿರುಗಲಿಲ್ಲ.

ಇಷ್ಟಾದರೂ ಅವನು ಉರುಳಲಿಲ್ಲ. ಯಾಕೆ? ಭಯದಿಂದ ಎಂದರೆ ಅರ್ಧ ಉತ್ತರ. ಉಳಿದರ್ಧಕ್ಕೆ ಒಬ್ಬ ಮನುಷ್ಯನ ಕಥೆ ಹೇಳಿದರೆ ಸಾಕು.

ಅವನ ಹೆಸರು ನ್ಗುಜಾ ಕಾರ್ಲ್ ಇ ಬಾಂಡ್. ಶೊಂಬೆಯ ಸಂಬಂಧಿ, ಓದಿದವ, ಮೊಬುಟುವಿನ ವಿದೇಶಾಂಗ ಮಂತ್ರಿ. 1977ರಲ್ಲಿ ದೇಶದ್ರೋಹದ ಆರೋಪ ಹೊರಿಸಿ ಹಿಡಿದರು, ಚಿತ್ರಹಿಂಸೆ ಕೊಟ್ಟರು, ಮರಣದಂಡನೆ ವಿಧಿಸಿದರು. ಮೊಬುಟು ಮೊದಲು ಶಿಕ್ಷೆ ಇಳಿಸಿದ, ಮರುವರ್ಷ ಬಿಡುಗಡೆ ಮಾಡಿದ. 1979ರಲ್ಲಿ ಆತ ಮತ್ತೆ ವಿದೇಶಾಂಗ ಮಂತ್ರಿ. 1980ರಲ್ಲಿ ಪ್ರಧಾನಿ. 1981ರಲ್ಲಿ ಬ್ರಸೆಲ್ಸ್‌ಗೆ ಹೋದವನು ಅಲ್ಲಿಂದಲೇ ರಾಜೀನಾಮೆ ಕೊಟ್ಟ, ಅಮೆರಿಕದ ಕಾಂಗ್ರೆಸ್ಸಿನ ಮುಂದೆ ಮೊಬುಟುವಿನ ಲೂಟಿಯ ಬಗ್ಗೆ ಸಾಕ್ಷಿ ನುಡಿದ, ಪುಸ್ತಕವನ್ನೇ ಬರೆದ. ಇನ್ನು ಮುಗಿಯಿತು ಎಂದುಕೊಳ್ಳುತ್ತೀರಿ. ಇಲ್ಲ. 1985ರಲ್ಲಿ ಮೊಬುಟು ಕ್ಷಮಿಸಿದ, ಆತ ದೇಶಕ್ಕೆ ಮರಳಿದ. ಮರುವರ್ಷ ಆತನನ್ನು ರಾಯಭಾರಿ ಮಾಡಿ ಕಳಿಸಿದ್ದು ವಾಷಿಂಗ್ಟನ್‌ಗೇ! ಯಾವ ಊರಿನಲ್ಲಿ ಅವನನ್ನು ಕಳ್ಳ ಎಂದಿದ್ದನೋ ಅದೇ ಊರಿನಲ್ಲಿ ಈಗ ಅವನನ್ನು ಹೊಗಳಬೇಕು. 1991ರಲ್ಲಿ ಆತ ಮತ್ತೆ ಪ್ರಧಾನಿ.

ಈ ಒಬ್ಬ ವ್ಯಕ್ತಿಯಲ್ಲಿ ಮೊಬುಟುವಿನ ಇಡೀ ಆಡಳಿತಶಾಸ್ತ್ರ ಇದೆ. ಕೊಲ್ಲುವುದಕ್ಕಿಂತ ಕೊಳ್ಳುವುದು ಲಾಭ. ಹುತಾತ್ಮನಿಗೆ ಜನ ಹಾರ ಹಾಕುತ್ತಾರೆ, ಮಾರಿಕೊಂಡವನಿಗೆ ಯಾರೂ ಹಾಕುವುದಿಲ್ಲ. ಯಾವ ಮಂತ್ರಿಯೂ ಒಂದು ಕುರ್ಚಿಯಲ್ಲಿ ಬೇರು ಬಿಡಬಾರದು. ಕೊಟ್ಟದ್ದನ್ನು ಯಾವಾಗ ಬೇಕಾದರೂ ಕಿತ್ತುಕೊಳ್ಳಬಹುದು, ಕಿತ್ತುಕೊಂಡದ್ದನ್ನು ಯಾವಾಗ ಬೇಕಾದರೂ ಮತ್ತೆ ಕೊಡಬಹುದು. ಹೀಗಾಗಿ ಹೊರಬಿದ್ದವನು ಬಂಡಾಯವೇಳುವ ಬದಲು ಮತ್ತೆ ಕರೆ ಬರುವುದನ್ನು ಕಾಯುತ್ತಾನೆ. ಕದಿಯುವುದಾದರೆ ಸ್ವಲ್ಪ ಸ್ವಲ್ಪವೇ, ಜಾಣತನದಿಂದ ಕದಿಯಿರಿ ಎಂಬರ್ಥದ ಮಾತನ್ನು ಅವನು 1976ರಲ್ಲಿ ಸಾರ್ವಜನಿಕ ಭಾಷಣದಲ್ಲೇ ಆಡಿದ್ದ.

ಕೊಳ್ಳಲಾಗದವರೂ ಇದ್ದರು, ಅವರನ್ನು ಮರೆಯಬಾರದು. 1980ರಲ್ಲಿ ಹದಿಮೂರು ಸಂಸದರು ಮೊಬುಟುವಿಗೆ ಒಂದು ಬಹಿರಂಗ ಪತ್ರ ಬರೆದರು. ಆಡಳಿತದ ತಪ್ಪುಗಳನ್ನು ಒಂದೊಂದಾಗಿ ಎಣಿಸಿ, ಬದಲಾವಣೆ ಕೇಳಿದ ಐವತ್ತೆರಡು ಪುಟಗಳ ಪತ್ರ ಅದು. ಅವರಲ್ಲೊಬ್ಬರು ಎಟಿಯೆನ್ ಶಿಸೆಕೆಡಿ. ಪದವಿ ಹೋಯಿತು, ಜೈಲಾಯಿತು, ದೂರದ ಹಳ್ಳಿಗೆ ಗಡೀಪಾರಾಯಿತು. ಹಾಗಿದ್ದೂ 1982ರಲ್ಲಿ ಪ್ರತಿಪಕ್ಷವೊಂದನ್ನು ಕಟ್ಟಿದರು.

ಹಣದ ಕಥೆಗೆ ಬರೋಣ. 1978ರಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿಯು ಜರ್ಮನಿಯ ಅನುಭವಿ ಬ್ಯಾಂಕ್ ಅಧಿಕಾರಿ ಎರ್ವಿನ್ ಬ್ಲೂಮೆಂಥಾಲ್ ಎಂಬುವರನ್ನು ಝೈರ್‌ನ ಕೇಂದ್ರ ಬ್ಯಾಂಕಿನೊಳಗೆ ಕೂರಿಸಿತು. ದೇಶದ ಖಜಾನೆಗೂ ಅಧ್ಯಕ್ಷನ ಕಿಸೆಗೂ ನಡುವೆ ಗೋಡೆಯೇ ಇಲ್ಲ ಎಂಬುದು ಅವರಿಗೆ ಬೇಗ ಗೊತ್ತಾಯಿತು. ಸುಮಾರು ಒಂದು ವರ್ಷ ಹೆಣಗಿ ಹೊರಬಂದರು. ಸಾಲ ಕೊಟ್ಟವರಿಗೆ ಹಣ ವಾಪಸು ಬರುವ ಸಂಭವವೇ ಇಲ್ಲವೆಂದು ವರದಿ ಬರೆದರು. 1982ರಲ್ಲಿ ಆ ವರದಿ ಬಯಲಾಯಿತು. ಆಮೇಲೂ ಸಾಲ ಬರುತ್ತಲೇ ಇತ್ತು!

ಬರಲು ಕಾರಣವಿತ್ತು. ಪಕ್ಕದ ಅಂಗೋಲಾದಲ್ಲಿ ಸೋವಿಯತ್ ಒಲವಿನ ಸರ್ಕಾರವಿತ್ತು, ಕ್ಯೂಬಾದ ಸೈನಿಕರಿದ್ದರು. ಅದರ ಎದುರಾಳಿಗಳಿಗೆ ಆಯುಧ ಸಾಗಿಸಲು ಝೈರ್ ನೆಲ ಬೇಕಿತ್ತು. 1963ರಲ್ಲಿ ಕೆನೆಡಿ, ಆಮೇಲೆ ನಿಕ್ಸನ್, ರೇಗನ್, 1989ರಲ್ಲಿ ಹಿರಿಯ ಬುಷ್, ಹೀಗೆ ಶ್ವೇತಭವನದ ಬಾಗಿಲು ಅವನಿಗೆ ತೆರೆದೇ ಇತ್ತು. 1977ರಲ್ಲಿ ಅಂಗೋಲಾ ಕಡೆಯಿಂದ ಬಂಡುಕೋರರು ನುಗ್ಗಿದಾಗ ಮೊರಾಕ್ಕೊ ಸೈನಿಕರು ಫ್ರಾನ್ಸಿನ ವಿಮಾನಗಳಲ್ಲಿ ಬಂದಿಳಿದರು. ಮರುವರ್ಷ ಗಣಿ ನಗರ ಕೊಲ್ವೆಜಿ ಬಂಡುಕೋರರ ಕೈವಶವಾದಾಗ ಫ್ರೆಂಚ್ ಫಾರಿನ್ ಲೀಜನ್ ಪ್ಯಾರಾಚೂಟಿನಲ್ಲಿ ಇಳಿಯಿತು. ಎರಡು ಸಲವೂ ಮೊಬುಟುವಿನ ಸ್ವಂತ ಸೇನೆ ತಾನಾಗಿ ಗೆಲ್ಲಲಿಲ್ಲ.

ಇಲ್ಲಿ ಸ್ವಲ್ಪ ನಿಲ್ಲೋಣ. ಸೇನೆಯಿಂದ ಬಂದವನು, ಸೇನೆಯ ಬಲದಿಂದ ಗದ್ದುಗೆ ಏರಿದವನು. ಅವನ ಸೇನೆ ಯಾಕೆ ಇಷ್ಟು ದುರ್ಬಲ? ಯಾಕೆಂದರೆ ಒಳ್ಳೆಯ ಸೇನೆ ಅವನಿಗೆ ಬೇಡವಾಗಿತ್ತು. ತಾನು ಏನು ಮಾಡಿದ್ದನೋ ಅದನ್ನು ಇನ್ನೊಬ್ಬ ಮಾಡಬಹುದಲ್ಲ! 1970ರ ದಶಕದಲ್ಲಿ ಸಂಚಿನ ಆರೋಪದ ಮೇಲೆ ತರಬೇತಿ ಪಡೆದ ಅಧಿಕಾರಿಗಳನ್ನು ಹೊರಗಟ್ಟಿದ, ಕೆಲವರನ್ನು ಕೊಲ್ಲಿಸಿದ. ತನ್ನ ಬುಡಕಟ್ಟಾದ ನ್ಗ್ಬಾಂಡಿಯವರನ್ನೇ ಹೆಚ್ಚಾಗಿ ತುಂಬಿದ ಅಧ್ಯಕ್ಷರ ಕಾವಲುಪಡೆಗೆ ಸಂಬಳ, ಸವಲತ್ತು, ಆಯುಧ. ಉಳಿದ ಸೈನಿಕರಿಗೆ ಸಂಬಳವೇ ಸರಿಯಾಗಿಲ್ಲ. ಅವರು ರಸ್ತೆಯಲ್ಲಿ ಹಗ್ಗ ಕಟ್ಟಿ ದಾರಿಹೋಕರಿಂದ ವಸೂಲಿ ಮಾಡಿ ಬದುಕಿದರು. ಬೇಲಿಯೇ ಎದ್ದು ಹೊಲ ಮೇಯ್ದ ಕಥೆ. ಆ ಬೇಲಿಗೆ ನೀರು ಹಾಕದೆ, ಹೋಗಿ ಮೇಯಿ ಎಂದು ಬಿಟ್ಟವನು ಮೊಬುಟು.

ಸೇನೆಗೆ ಆದದ್ದೇ ಶಾಲೆಗೆ, ಆಸ್ಪತ್ರೆಗೆ, ರಸ್ತೆಗೆ ಆಯಿತು. ಮೇಷ್ಟರಿಗೆ ಸಂಬಳವಿಲ್ಲ, ಮಕ್ಕಳ ತಂದೆತಾಯಿ ಚಂದಾ ಎತ್ತಿ ಕೊಡಬೇಕು. ರೋಗಿಯೇ ಸೂಜಿ, ಔಷಧಿ ಕೊಂಡು ಆಸ್ಪತ್ರೆಗೆ ಹೋಗಬೇಕು. ಜನ ಇದನ್ನು ಹದಿನೈದನೆಯ ಕಲಮು ಎಂದು ಕರೆದು ನಗುತ್ತಿದ್ದರು. ಸಂವಿಧಾನದಲ್ಲಿ ಅಂಥದೊಂದು ಕಲಮು ಇದೆ, ನಿಮ್ಮ ದಾರಿ ನೀವೇ ನೋಡಿಕೊಳ್ಳಿ ಎಂದು ಅದರಲ್ಲಿ ಬರೆದಿದೆ ಎಂಬುದು ಆ ನಗೆಯ ಒಳಗುಟ್ಟು. ಮೊಬುಟುವಿನ ಬಗ್ಗೆ ಇನ್ನೊಂದು ಕಥೆಯೂ ಓಡಾಡುತ್ತದೆ, ನಿಜವೋ ಕಟ್ಟುಕಥೆಯೋ. ಬಂಡುಕೋರರು ಮುನ್ನುಗ್ಗುತ್ತಿದ್ದಾರೆ, ನೆರವು ಕೊಡಿ ಎಂದು ರ‍್ವಾಂಡಾದ ಅಧ್ಯಕ್ಷ ಕೇಳಿದನಂತೆ. ರಸ್ತೆ ಕಟ್ಟಬೇಡ ಅಂತ ನಾನು ಹೇಳಿರಲಿಲ್ಲವೆ, ಈಗ ನೋಡು, ಆ ರಸ್ತೆಯ ಮೇಲೇ ನಿನ್ನನ್ನು ಹಿಡಿಯಲು ಬರುತ್ತಿದ್ದಾರೆ ಎಂದನಂತೆ ಮೊಬುಟು.

ಅವನು ಮಾತ್ರ ರಾಜಧಾನಿಯಿಂದ ಸಾವಿರ ಕಿಲೋಮೀಟರಿಗೂ ದೂರದ ಗ್ಬಾಡೊಲಿಟೆ ಎಂಬ ಕಾಡಿನ ಹಳ್ಳಿಯಲ್ಲಿ ಅಮೃತಶಿಲೆಯ ಅರಮನೆಗಳನ್ನು ಕಟ್ಟಿಸಿದ. ಕಾಂಕಾರ್ಡ್ ವಿಮಾನ ಇಳಿಯುವಷ್ಟು ಉದ್ದದ ರನ್‌ವೇ ಹಾಕಿಸಿದ. ಫ್ರಾನ್ಸಿನ ಕಡಲತೀರದಲ್ಲಿ ಬಂಗಲೆ, ನದಿಯ ಮೇಲೆ ವಿಲಾಸದ ಹಡಗು. ಕೊನೆಗಾಲದಲ್ಲಿ ರಾಜಧಾನಿಯ ಜನರಿಗೆ ಅಂಜಿ ಆ ಹಡಗಿನಲ್ಲಿ, ಆ ಹಳ್ಳಿಯಲ್ಲಿ ದಿನ ಕಳೆದ.

1989ರ ಡಿಸೆಂಬರಿನಲ್ಲಿ ಅವನ ಗೆಳೆಯ, ರೊಮೇನಿಯಾದ ಸರ್ವಾಧಿಕಾರಿ ಚೌಷೆಸ್ಕುವನ್ನು ಅಲ್ಲಿಯವರೇ ಗುಂಡಿಟ್ಟು ಕೊಂದರು. ಶೀತಲ ಸಮರ ಮುಗಿಯಿತು, ವಾಷಿಂಗ್ಟನ್‌ಗೆ ಇವನ ಅಗತ್ಯವೂ ಮುಗಿಯಿತು. 1990ರ ಏಪ್ರಿಲ್ 24ರಂದು ಏಕಪಕ್ಷ ಆಡಳಿತ ಕೊನೆಯಾಯಿತೆಂದು ಕಣ್ಣೀರು ಒರೆಸಿಕೊಳ್ಳುತ್ತ ಘೋಷಿಸಿದ. ಆದರೆ ಕುರ್ಚಿ ಬಿಡಲಿಲ್ಲ. ಪ್ರತಿಪಕ್ಷಗಳು ಬೆಳೆದವು, ಅವುಗಳಲ್ಲಿ ಕೆಲವನ್ನು ಅವನೇ ಹಣ ಕೊಟ್ಟು ಹುಟ್ಟಿಸಿದ. ಪ್ರಧಾನಿಗಳು ಬಂದರು, ಹೋದರು.

1991ರ ಸೆಪ್ಟೆಂಬರಿನಲ್ಲಿ ಸಂಬಳವಿಲ್ಲದ ಸೈನಿಕರು ಕಿನ್ಶಾಸಾವನ್ನು ಲೂಟಿ ಮಾಡಿದರು. ಎರಡನೆಯ ಲೂಟಿಯ ಹಿನ್ನೆಲೆ ಕೇಳಿ. 1993ರ ಜನವರಿಯಲ್ಲಿ ಸೈನಿಕರಿಗೆ ಹೊಸದಾಗಿ ಅಚ್ಚಾದ ಐವತ್ತು ಲಕ್ಷ ಝೈರ್‌ನ ನೋಟುಗಳಲ್ಲಿ ಸಂಬಳ ಕೊಟ್ಟರು. ಆ ನೋಟು ಚಲಾವಣೆಗೆ ಯೋಗ್ಯವಲ್ಲ ಎಂದು ಆಗ ಪ್ರಧಾನಿಯಾಗಿದ್ದ ಶಿಸೆಕೆಡಿ ಸಾರಿದ್ದರು. ಅಂಗಡಿಯವರು ಮುಟ್ಟಲಿಲ್ಲ. ಸೈನಿಕ ಕೌಂಟರಿನ ಮೇಲೆ ನೋಟು ಇಟ್ಟ, ವ್ಯಾಪಾರಿ ತಲೆಯಾಡಿಸಿದ, ಬಂದೂಕು ಮೇಲೆದ್ದಿತು. ನೂರಾರು ಜನ ಸತ್ತರು, ಫ್ರಾನ್ಸಿನ ರಾಯಭಾರಿಯೂ ಗುಂಡೇಟಿಗೆ ಬಲಿಯಾದರು. ಅದೇ ವರ್ಷ ಹೊಸ ಝೈರ್ ಬಂತು. ಮೂವತ್ತು ಲಕ್ಷ ಹಳೆಯ ಝೈರ್‌ಗೆ ಒಂದು ಹೊಸ ಝೈರ್. ಒಂದಕ್ಕೆ ಎರಡು ಡಾಲರ್ ಬೆಲೆಬಾಳುತ್ತಿದ್ದ ನಾಣ್ಯದ ಗತಿ ಇದು. 1980ರ ದಶಕದ ನಡುವೆ ವರ್ಷಕ್ಕೆ ನಾಲ್ಕು ಲಕ್ಷ ಟನ್ ದಾಟಿದ್ದ ತಾಮ್ರದ ಉತ್ಪಾದನೆ ಹತ್ತು ವರ್ಷದಲ್ಲಿ ಐವತ್ತು ಸಾವಿರ ಟನ್ನಿ‌ಗಿಂತ ಕೆಳಗಿಳಿದಿತ್ತು.

ಕೊನೆಯ ಪೆಟ್ಟು ಪೂರ್ವದ ಗಡಿಯಿಂದ ಬಂತು. 1994ರ ರ‍್ವಾಂಡಾ ನರಮೇಧದ ನಂತರ ಹತ್ತು ಲಕ್ಷಕ್ಕೂ ಹೆಚ್ಚು ಹುಟು ನಿರಾಶ್ರಿತರು ಗಡಿ ದಾಟಿ ಬಂದರು. ಕೊಲೆಗಡುಕರೂ ಅವರ ನಡುವೆ ಇದ್ದರು, ಶಿಬಿರಗಳಲ್ಲಿ ಮತ್ತೆ ಆಯುಧ ಹಿಡಿದರು. ಮೊಬುಟು ಅವರನ್ನು ತಡೆಯಲಿಲ್ಲ. 1996ರ ಶರತ್ಕಾಲದಲ್ಲಿ ರ‍್ವಾಂಡಾ ಮತ್ತು ಉಗಾಂಡಾ ಬೆಂಬಲದ ಬಂಡುಕೋರರು, ಹಳೆಯ ಲುಮುಂಬಾವಾದಿ ಲಾರೆಂಟ್ ಕಬಿಲಾನನ್ನು ಮುಂದಿಟ್ಟುಕೊಂಡು, ಪಶ್ಚಿಮಕ್ಕೆ ಹೊರಟರು. ಮೊಬುಟು ಆಗ ಸ್ವಿಟ್ಜರ್‌ಲೆಂಡಿನಲ್ಲಿ ಕ್ಯಾನ್ಸರ್ ಚಿಕಿತ್ಸೆಯಲ್ಲಿದ್ದ. ರಬ್ಬರ್ ಬೂಟು ತೊಟ್ಟ ಹದಿಹರೆಯದ ಹುಡುಗರೂ ಇದ್ದ ಆ ಪಡೆ ಏಳು ತಿಂಗಳಲ್ಲಿ ದೇಶದ ಒಂದು ತುದಿಯಿಂದ ಇನ್ನೊಂದು ತುದಿಗೆ ತಲುಪಿತು. ಎದುರಿಗಿದ್ದ ಸೇನೆ ಹೋರಾಡಲಿಲ್ಲ. ಹಿಮ್ಮೆಟ್ಟುವ ದಾರಿಯಲ್ಲಿ ಸಿಕ್ಕಿದ ಊರನ್ನು ದೋಚುತ್ತ ಓಡಿತು. ಮೂವತ್ತು ವರ್ಷ ಅವರಿಗೆ ಕಲಿಸಿದ್ದು ಅದನ್ನೇ.

1997ರ ಮೇ 4ರಂದು ದಕ್ಷಿಣ ಆಫ್ರಿಕಾದ ನೌಕೆಯೊಂದರಲ್ಲಿ ನೆಲ್ಸನ್ ಮಂಡೇಲಾ ಮೊಬುಟು, ಕಬಿಲಾ ಇಬ್ಬರನ್ನೂ ಕೂಡಿಸಿ ಮಾತಾಡಿಸಿದರು, ಫಲವಾಗಲಿಲ್ಲ. ಮೇ 16ರಂದು ಮೊಬುಟು ಕಿನ್ಶಾಸಾ ಬಿಟ್ಟು ಗ್ಬಾಡೊಲಿಟೆಗೆ, ಅಲ್ಲಿಂದ ಸರಕು ವಿಮಾನದಲ್ಲಿ ಟೋಗೊಗೆ, ಆಮೇಲೆ ಮೊರಾಕ್ಕೊಗೆ ಹೋದ. ಗ್ಬಾಡೊಲಿಟೆಯಿಂದ ಮೇಲೇರುತ್ತಿದ್ದ ವಿಮಾನದ ಮೇಲೆ ಗುಂಡು ಹಾರಿಸಿದವರು ಅವನದೇ ಸೈನಿಕರು. ಸೆಪ್ಟೆಂಬರ್ 7ರಂದು ರಬಾತ್ ನಗರದಲ್ಲಿ ತೀರಿಕೊಂಡ. ಅವನ ಸಂಪತ್ತು ನಾಲ್ಕೈದು ನೂರು ಕೋಟಿ ಡಾಲರ್ ಇತ್ತೆಂದು ಆಗ ಅಂದಾಜು ಮಾಡುತ್ತಿದ್ದರು. ಹುಡುಕಿದಾಗ ಸ್ವಿಸ್ ಬ್ಯಾಂಕುಗಳಲ್ಲಿ ಸಿಕ್ಕಿದ್ದು ತೀರ ಸಣ್ಣ ಪಾಲು. ಬಹುಭಾಗ ಜನರನ್ನು ಕೊಳ್ಳುವುದರಲ್ಲೇ ಖರ್ಚಾಗಿತ್ತು. ದೇಶಕ್ಕೆ ಉಳಿದದ್ದು ಸಾವಿರ ಕೋಟಿ ಡಾಲರಿಗೂ ಮೀರಿದ ಸಾಲ.

ಕಥೆ ಇಲ್ಲಿಗೆ ಮುಗಿದಿದ್ದರೆ ಒಬ್ಬ ದುಷ್ಟ ಹೋದ ಎಂದು ಸಮಾಧಾನಪಡಬಹುದಿತ್ತು. ಕಬಿಲಾ ಬಂದ, ಪಕ್ಷಗಳನ್ನು ನಿಷೇಧಿಸಿದ. 1998ರಲ್ಲಿ ಮತ್ತೆ ಯುದ್ಧ ಹೊತ್ತಿಕೊಂಡಿತು, ಹಲವು ನೆರೆ ದೇಶಗಳ ಸೇನೆಗಳು ಕಾಂಗೊ ನೆಲದಲ್ಲಿ ಕಾದಿದವು. 2001ರಲ್ಲಿ ಕಬಿಲಾ ತನ್ನ ಅಂಗರಕ್ಷಕನ ಗುಂಡಿಗೆ ಬಲಿಯಾದ. ಯುದ್ಧದಿಂದ, ಅದರ ಬೆನ್ನಿಗೆ ಬಂದ ಹಸಿವು, ರೋಗಗಳಿಂದ ಲಕ್ಷಾಂತರ ಜನ ಸತ್ತರು. ವಿಶ್ವಸಂಸ್ಥೆಯ ಪಡೆಯಲ್ಲಿ ಭಾರತದ ಸೈನಿಕರು ಮತ್ತೆ ಪೂರ್ವ ಕಾಂಗೊಗೆ ಹೋಗಬೇಕಾಯಿತು.

ಇದನ್ನೆಲ್ಲ ಕೇಳಿ, ಮೊಬುಟು ಕೆಟ್ಟವ, ಒಳ್ಳೆಯ ಸೇನಾಧಿಕಾರಿ ಸಿಕ್ಕಿದ್ದರೆ ಬೇರೆಯಾಗುತ್ತಿತ್ತು ಎಂದು ಯಾರಾದರೂ ವಾದಿಸಬಹುದು. 1965ರಲ್ಲಿ ಅವನೂ ಒಳ್ಳೆಯವನಾಗಿಯೇ ಕಂಡಿದ್ದ. ಚುರುಕು ಬುದ್ಧಿ, ಒಳ್ಳೆಯ ಮಾತು, ಕೆಳಗಿನಿಂದ ಮೇಲೆ ಬಂದ ಅನುಭವ, ಯಾವುದಕ್ಕೂ ಕೊರತೆಯಿರಲಿಲ್ಲ. ಅವನಿಗೆ ಇಲ್ಲದ್ದು ತಡೆಯುವವರು. ತಡೆಯಬಲ್ಲದ್ದು ಏನೇನಿತ್ತೋ, ಸಂಸತ್ತು, ನ್ಯಾಯಾಲಯ, ಬ್ಯಾಂಕು, ಪತ್ರಿಕೆ, ಕೊನೆಗೆ ಸೇನೆ ಕೂಡ, ಅದನ್ನೆಲ್ಲ ಅವನು ಒಂದೊಂದಾಗಿ ಸಡಿಲಿಸಿದ. ಒಬ್ಬನನ್ನು ಗಟ್ಟಿಮಾಡಲು ದೇಶವನ್ನೇ ಪುಡಿಮಾಡಬೇಕಾಯಿತು. ಅವನು ಹೋದ ಮೇಲೆ ಹೊಸದಾಗಿ ಆರಂಭಿಸೋಣವೆಂದರೆ ಹಿಡಿದು ನಿಲ್ಲಲು ಏನೂ ಇರಲಿಲ್ಲ.

ನಮ್ಮ ತಾಲ್ಲೂಕು ಕಚೇರಿಯ ಬಗ್ಗೆ ನಮಗಿರುವ ಸಿಟ್ಟು ನ್ಯಾಯವಾದದ್ದೇ. ಆದರೆ ಆ ಕಚೇರಿಯ ವಿರುದ್ಧ ಅರ್ಜಿ ಹಾಕಲು ಇನ್ನೊಂದು ಕಚೇರಿ ಇದೆ, ದಾವೆ ಹೂಡಲು ಕೋರ್ಟಿದೆ, ಬರೆಯಲು ಪತ್ರಿಕೆಯಿದೆ, ಐದು ವರ್ಷಕ್ಕೊಮ್ಮೆ ಬೇಡ ಎನ್ನಲು ಮತವಿದೆ. ಇವು ನಿಧಾನ, ಇವುಗಳಲ್ಲಿ ಲೋಪವೂ ಉಂಟು. ಇನ್ನು ಮುಂದೆ ಯಾರಾದರೂ ಎಲ್ಲವನ್ನೂ ಒಬ್ಬನ ಕೈಗೆ ಕೊಡಬೇಕು ಎಂದರೆ ಅವರನ್ನು ಒಂದೇ ಒಂದು ಪ್ರಶ್ನೆ ಕೇಳಿ: ಕೊಟ್ಟದ್ದನ್ನು ವಾಪಸು ಪಡೆಯುವುದು ಹೇಗೆ? ಕಾಂಗೊದ ಜನ 1965ರಲ್ಲಿ ಈ ಪ್ರಶ್ನೆ ಕೇಳುವ ಸ್ಥಿತಿಯಲ್ಲಿರಲಿಲ್ಲ. ನಾವು ಇದ್ದೇವೆ.